ತೂಕದ ಚೀಟಿ

ಹರಾಜಿಲ್ಲದ ದಿನ. ಬ್ಯಾಡಗಿಯ ಮಾರ್ಕೆಟ್ಟಿನಲ್ಲಿ
ಮಧ್ಯಾಹ್ನ ಹನ್ನೆರಡಕ್ಕೆ ನೆರಳೂ ಕೆಂಪು.
ದಲಾಲಿ ಅಂಗಡಿಯ ಗುಮಾಸ್ತ ನಾನು,
ಚಹಾಕ್ಕೆ ಕಾಯುತ್ತ ಪೇಪರು ಓದುತ್ತಿದ್ದೆ ಗಟ್ಟಿಯಾಗಿ,
ತೊಟ್ಟು ಮುರಿಯುವ ಹೆಂಗಸರಿಗೂ ಕೇಳಲೆಂದು.
ಯಾವುದೋ ಯೋಜನೆ. ಒಂದು ಲಕ್ಷ ಕೋಟಿ.

"ಎಷ್ಟಾತ್ರಿ ಅದು?" ಅಂದಳು ಹೊಳಿಯವ್ವ,
ಕೈ ನಿಲ್ಲಿಸದೆ.

ಹಳೆಯ ತಕ್ಕಪಟ್ಟಿಯ ಬೆನ್ನಿಗೆ ಬರೆದು ತೋರಿಸಿದೆ:
ಒಂದು, ಅದರ ಹಿಂದೆ ಹನ್ನೆರಡು ಸೊನ್ನೆ.
"ಯವ್ವಾ, ಬಳಿಗಾರನ ಅಂಗಡಿ ಇಟ್ಟಂಗ ಆತಲ್ಲ!"
ಎಂಟು ಮಂದಿ ಒಟ್ಟಿಗೆ ನಕ್ಕರೆ
ಕಾಯಿಯ ರಾಶಿಯೂ ಒಂದಿಷ್ಟು ಜಾರುತ್ತದೆ.

ಸೆಕೆಂಡಿಗೊಂದು ರೂಪಾಯಿ ಎಣಿಸುತ್ತ ಕೂತರೆ, ಎಂದೆ,
ಕೋಟಿ ಮುಗಿಯಲು ನಾಲ್ಕು ತಿಂಗಳು,
ಲಕ್ಷ ಕೋಟಿಗೆ ಮೂವತ್ತೊಂದು ಸಾವಿರ ವರ್ಷ.
"ನಡುವ ಉಣ್ಣಾಕರೆ ಬಿಡತಾರೋ, ಇಲ್ಲೋ?"

ಆಗ ಚೀಲಗಳ ಮೇಲೆ ಅಂಗಾತ ಮಲಗಿದ್ದ
ಹಮಾಲ ಹಜರೇಸಾಬ, ಕಣ್ಣು ತೆರೆಯದೆ:
"ಚೀಲದಾಗ ಹೇಳ್ರಿ. ತಿಳೀತೈತಿ."

ಮಾಲಕರು ಊಟಕ್ಕೆ ಹೋಗಿದ್ದರು.
ತಿಜೋರಿಯಿಂದ ಐನೂರರದೊಂದು ಕಟ್ಟು ತಂದು
ಮಾದರಿ ಕಾಯಿ ತೂಗುವ ಸಣ್ಣ ಕಾಟಾದ ಮೇಲಿಟ್ಟೆ.
ಅಂಕಿ ನಡುಗಿತು, ನಿಂತಿತು:
ನೂರು ಗ್ರಾಂ, ಅತ್ತಿತ್ತ.
ಐವತ್ತು ಸಾವಿರಕ್ಕೆ ನೂರು ಗ್ರಾಂ.
ಕೋಟಿಗೆ ಇಪ್ಪತ್ತು ಕಿಲೋ.

ಹಜರೇಸಾಬ ಎದ್ದು ಕೂತ.
"ಇಪ್ಪತ್ತೇನು? ನನ್ನ ಮಮ್ಮಗ ಅದಕ್ಕಿಂತ ತೂಕ ಅದಾನ!"
ಅವನ ಚೀಲ ಮೂವತ್ತು ಕಿಲೋದ್ದು,
ಒಂದೊಂದರಲ್ಲಿ ಒಂದೂವರೆ ಕೋಟಿ.
ದಿನಕ್ಕೆ ಇನ್ನೂರು ಹೊರುತ್ತಾನೆ,
ಹೊತ್ತೇ ಬಂದಿದ್ದಾನೆ ಮೀಸೆ ಮೂಡಿದಾಗಿನಿಂದ.
ಭಾಗಿಸಿದೆ. ಮುನ್ನೂರ ಮೂವತ್ತನಾಲ್ಕು ದಿನ.
"ಈದಿನಿಂದ ಈದಿಗೆ ಮುಗಿಸ್ತೀನಿ," ಅಂದ,
"ನಡುವ ಇಪ್ಪತ್ತು ದಿನ ಸೂಟಿ."
ಬೆನ್ನು ತಾನಾಗಿಯೇ ಬಾಗಿ
ಆಗಲೇ ಮೊದಲ ಚೀಲ ಕೇಳುತ್ತಿತ್ತು.

ಅಲ್ಲಿಗೆ ಬಿಡಬೇಕಿತ್ತು ನಾನು. ಗುಮಾಸ್ತನ ಚಟ,
ಹಮಾಲಿಯನ್ನೂ ಕೂಡಿಸಿದೆ:
ಚೀಲಕ್ಕೆ ಆರರಂತೆ ನಾಲ್ಕು ಲಕ್ಷ.
ಅದನ್ನೂ ತೂಗಿದರೆ
ಎಂಟು ನೂರು ಗ್ರಾಂ.

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.
ಹೊರಗೆ ಒಂದು ಲಾರಿ ಹಿಂದಕ್ಕೆ ಬರುತ್ತಿತ್ತು,
ಬರ್ಲಿ, ಬರ್ಲಿ ಅನ್ನುತ್ತಿದ್ದ ಹುಡುಗ.

"ನನ್ನ ತೊಟ್ಟಿನ ಲೆಕ್ಕಾನೂ ಹಾಕ್ರಿ," ಹೊಳಿಯವ್ವ ಅಂದಳು.
"ಲಕ್ಷ ಕೋಟಿ ಬ್ಯಾಡ. ಒಂದ ಕೋಟಿ ಸಾಕು."
ಕಿಲೋಕ್ಕೆ ಹನ್ನೆರಡು ರೂಪಾಯಿ, ದಿನಕ್ಕೆ ಹದಿನೈದು ಕಿಲೋ.
ಬರೆದೆ. ನೂರ ಐವತ್ತೆರಡು ವರ್ಷ.
ಚೀಟಿ ಮಡಚಿ ಕಿವಿಗೆ ಸಿಕ್ಕಿಸಿದ ಪೆನ್ನಿನ ಕ್ಯಾಪು ಹಾಕಿದೆ.
ಅವಳು ಮತ್ತೆ ಕೇಳಲಿಲ್ಲ.
"ನಮ್ಮ ಕಾಯಿ ಹಂಗ ನೋಡ್ರಿ ನಿಮ್ಮ ಕೋಟಿ,
ಬಣ್ಣ ಭಾಳ. ಖಾರ ಇಲ್ಲ."

ಆದರೆ ಕಟ್ಟು ಒಮ್ಮೆ ಕೊಡಿ ಅಂದಳು.
ಹಿಡಿದಳು, ಮೂಸಿದಳು, ಪಕ್ಕದವಳಿಗೆ ದಾಟಿಸಿದಳು.
ಅವಳು ಇನ್ನೊಬ್ಬಳಿಗೆ. ಎಂಟು ಜೊತೆ ಕೈ ಸುತ್ತಿ
ಹಜರೇಸಾಬನ ಅಂಗೈ ಮೇಲೊಮ್ಮೆ ಎಗರಿ
ನನಗೆ ವಾಪಸು ಬಂದಾಗ ಅಂಚೆಲ್ಲ ಕೆಂಪು ಧೂಳು.
ಅಂಗಿಗೆ ಒರೆಸಿದೆ, ತಿಜೋರಿಗೆ ಹಾಕಿದೆ.

ಸೋಮವಾರ ಬ್ಯಾಂಕಿನಲ್ಲಿ
ವೈಜಯಂತಿ ಮೇಡಂ ಅದನ್ನು ಯಂತ್ರಕ್ಕಿಟ್ಟರು.
ನೋಟುಗಳು ಫರ್ರನೆ ಬೀಸಿದವು.
ಮೊದಲು ಅವರು ಸೀನಿದರು,
ಆಮೇಲೆ ಪಾಸ್‌ಬುಕ್ಕಿನ ಹುಡುಗ,
ಗಾಜಿನ ಆಚೆ ಮ್ಯಾನೇಜರು, ಬಾಗಿಲಲ್ಲಿ
ಬಂದೂಕು ಗೋಡೆಗೆ ಒರಗಿಸಿ ವಾಚಮನ್ನನೂ.
ಯಂತ್ರ ನಲವತ್ತೊಂದಕ್ಕೆ ನಿಂತಿತ್ತು.

"ಏನ್ರಿ ಇದರಾಗ?" ಕಣ್ಣೊರೆಸುತ್ತ ಕೇಳಿದರು ಮೇಡಂ,
ಕಟ್ಟನ್ನು ಕೈಯಲ್ಲಿ ತೂಗಿ ನೋಡುತ್ತ.