ಅರವತ್ತನಾಲ್ಕು ಅಕ್ಷರ

ಡಂಡೀ, ಹಿಲ್‌ಟೌನ್, ಮೂರನೇ ಮಹಡಿ.
ಏಪ್ರಿಲ್ ಬಂದರೂ ಇಲ್ಲಿ ಹಾಲು ಹೆಪ್ಪಾಗುವುದಿಲ್ಲ,
ಅದಕ್ಕೇ ಬಟ್ಟಲನ್ನು ಬಿಲ್ಡ್ ಯಂತ್ರದ
ನೆತ್ತಿಯ ಮೇಲಿಟ್ಟಿದ್ದೇನೆ.
ಫ್ಯಾನಿನ ಬಿಸಿಯುಸಿರು. ಕಂಪೈಲರಿನ ಗೊಣಗಾಟ.

ಭಾಷೆ ಪುಟ್ಟದು, ಚಮಚೆಯಷ್ಟು.
ಯಾರ ಪ್ರೋಗ್ರಾಮಿಗೆ ಬೆರೆಸಿದರೂ
ಸದ್ದಿಲ್ಲದೆ ಅಲ್ಲೇ ಹೆಪ್ಪುಗಟ್ಟುತ್ತದೆ:
ಮಕ್ಕಳ ಆಟದಲ್ಲಿ, ಗ್ಯಾಸಿನ ಮೀಟರಿನಲ್ಲಿ,
ಟೇ ನದಿಯ ದೋಣಿಯವರ ಉಬ್ಬರದ ಪಟ್ಟಿಯಲ್ಲಿ.
ಅದರ ಪೊಟ್ಟಣ ಕಟ್ಟುವುದು ನನ್ನ ಕೆಲಸ,
ಯಾರು ಎಲ್ಲಿ ಕಟ್ಟಿದರೂ
ಒಂದು ಬಿಟ್ಟೂ ಆಚೀಚೆ ಆಗದಂತೆ.

ಆರ್ಬ್ರೋತಿನಿಂದ ಇಶ್ಬೆಲ್ ಫೋನಿನಲ್ಲಿ
ತನ್ನ ಯಂತ್ರ ಕೊಟ್ಟ ಹ್ಯಾಷ್ ಓದಿದಳು,
"ನಾಲ್ಕು, ಎಫ್, ಸೊನ್ನೆ, ಸೊನ್ನೆ, ಬಿ..."
ಮೀನು ಹರಾಜಿನವರ ಧಾಟಿ.
ಮೊದಲ ಅಕ್ಷರಕ್ಕೇ ನನ್ನದು ಬೇರೆ.
ಆದರೂ ಅರವತ್ತನಾಲ್ಕನ್ನೂ ಓದಿ ಮುಗಿಸಿದಳು, ಪಾಪ.

ಎರಡು ರಾತ್ರಿ ಹುಡುಕಿದೆವು.
ಕಟ್ಟಿದ ಗಳಿಗೆಯನ್ನು ಅದು
ಹೊಟ್ಟೆಯೊಳಗೇ ಬರೆದುಕೊಂಡಿತ್ತು, ಜಾತಕದ ಹಾಗೆ:
ದಿನ, ಗಂಟೆ, ಸೆಕೆಂಡು.
ಪಕ್ಕದಲ್ಲಿ ಅವಳ ಫೋಲ್ಡರಿನ ದಾರಿ,
'ರೋರಿಯ ಕೋಣೆ' ಅಂತ.

ರೋರಿ ಯಾರೆಂದು ಕೇಳಲಿಲ್ಲ ನಾನು.
ಗಳಿಗೆ ಅಳಿಸಿದೆ. ದಾರಿ ಅಳಿಸಿದೆ.
ಬಂದ ಹಾಗೆ ನುಗ್ಗುತ್ತಿದ್ದ ಕಡತಗಳನ್ನು
ಅಕಾರಾದಿಯಲ್ಲಿ ಸಾಲು ನಿಲ್ಲಿಸಿದೆ.
ಮತ್ತೆ ಓದಿದಳು. ಬೆರಳಿಟ್ಟು ಕೇಳಿದೆ.
ಕೊನೆಯದು, ಸಿ. ನನ್ನಲ್ಲೂ ಸಿ.

ನಗುತ್ತಾಳೆ ಅಂದುಕೊಂಡಿದ್ದೆ.
"ಹೆಸರು ಹೋಯಿತಾ?" ಎಂದಳು.
"ಹೋಯಿತು."
"ಪೂರ್ತಿ?"
ಅವಳ ಕಿಟಕಿಯಾಚೆ ಕಡಲಕಾಗೆ ಕಿರುಚುತ್ತಿತ್ತು.

ಬಟ್ಟಲು ಇಳಿಸಿದೆ.
ನಿನ್ನೆಯದೇ ಡೈರಿ, ನಿನ್ನೆಯದೇ ಹೆಪ್ಪು,
ಅದೇ ಯಂತ್ರದ ಕಾವು.
ಹುಳಿ ಜಾಸ್ತಿ ಇತ್ತು. ಉಪ್ಪು ಬೆರೆಸಿಕೊಂಡು
ನಿಂತಲ್ಲೇ ತಿಂದೆ.