ಕಾಜಾ-ಗುಂಡಿ

ಸಂಜಿ ಐದಕ್ಕ ಲಾಡ್ಲೇಸಾಬನ ಅಂಗಡಿ ಹುಡುಗ
ಗಂಟು ತಂದು ಕಟ್ಟಿ ಮ್ಯಾಲ ಇಟ್ಟು ಹೋಗತಾನ.
ಎದಿಗೆ ಆರು ಕಾಜಾ, ತೋಳಿಗೆರಡು, ಕೊರಳಿಗೊಂದು,
ಗುಂಡಿನೂ ನಾನೇ; ಅಂಗಿಯೊಂದಕ್ಕ ಹದಿನೈದು ರೂಪಾಯಿ.
ಅಕ್ಕಲಕೋಟದ ಗಂಡಸರ ಮಾರಿ ನಾ ಅಷ್ಟು ನೋಡಿಲ್ಲ.
ಯಾರ ಎದಿ ಎಷ್ಟು ಇಂಚು ಅನ್ನೂದು ಗೊತ್ತದ.

ಗಂಡಸರಿಗೇನು, ಸಿಕ್ಕದ್ದು ತೊಡತಾರ ಅಂತಾರ ಮಂದಿ.
ಬಂದು ಚೀಟಿ ಓದ್ರಿ, ಅರಿವಿಗೆ ಚುಚ್ಚಿದ ಚೀಟಿ,
ಅರ್ಧ ಮರಾಠಿ, ಅರ್ಧ ನಮ್ಮ ಮಾತು:
‘ಕಿಸೆ ಎರಡು. ಒಂದು ಒಳಗ. ಮನ್ಯಾಗ ಹೇಳಬ್ಯಾಡ.’
‘ಕಾಲರು ಬಿರುಸು. ಹ್ವಾದ ಸಲದಂಗ ಮಾಡಬ್ಯಾಡ.’
‘ತೋಳು ಮಡಚಿದ್ರ ಮೊಣಕೈ ಮ್ಯಾಲ ನಿಲ್ಲಬೇಕು.’
‘ಢಿಲಾ.’ ಅದರ ಕೆಳಗ ಎರಡು ಗೆರಿ.

ಬಿರಾಜದಾರ ಧಾನಪ್ಪಗೌಡರಿಗೆ ಬಿಳೇದ ಬಿಟ್ಟು ಬ್ಯಾರೆ ಬಣ್ಣಿಲ್ಲ.
ಆದ್ರ ಹಾಲಿನ ಬಿಳುಪು ಬ್ಯಾಡ, ಸುಣ್ಣದ್ದೂ ಬ್ಯಾಡ,
ಆಗಷ್ಟೇ ಬೀಸಿದ ಜ್ವಾಳದ ಹಿಟ್ಟಿನ ಬಿಳುಪು ಬೇಕು.
ಸೊಲ್ಲಾಪುರದಾಗ ಮೂರು ಅಂಗಡಿ ಹತ್ತಿಳಿದು
ಥಾನನ್ನ ಬಾಗಲಾ ತನಕ ಎಳಕೊಂಡು ಬಿಸಲಿಗೆ ಹಿಡದು ನೋಡಿದ್ರಂತ.
ದಿನಕ್ಕೂ ಬಿಳೇ ನೆಹರು ಅಂಗಿ, ಬೀಗರ ಮದವಿಗೂ ಅದೇ;
ಫರಕು ನನಗ ಅಷ್ಟೇ ಗೊತ್ತು:
ಮದವಿ ಅಂಗಿಗೆ ಗುಂಡಿ ಹಚ್ಚಂಗಿಲ್ಲ,
ಎರಡೂ ಮಗ್ಗಲ ಬರೇ ಕಾಜಾ,
ಬಂಗಾರದ ಸರಪಳಿ ಗುಂಡಿ ಅವರ ಅಪ್ಪಂದು.

ಮೊಬೈಲ್ ಅಂಗಡಿ ಓಂಕಾರಂದು ಇನ್ನೊಂದು ತರಾ.
ಉಸರು ಬಿಟ್ರ ಗುಂಡಿ ಹಾರಬೇಕು, ಅಂಥಾ ಅಳತಿ.
ಮ್ಯಾಲಿನ ಕಪಾಟಿನ ಚಾರ್ಜರ್ ತೆಗ್ಯಾಕ
ಗಿರಾಕಿಗೇ ಹೇಳತಾನಂತ, ಕಾಕಾ, ನೀವೇ ತಗೋರಿ.
ಗೆಳ್ಯಾನ ಹಳದಿ ಕಾರ್ಯಕ್ಕ ಹನ್ನೊಂದು ಹುಡುಗರು
ಒಂದೇ ಥಾನಿನ್ಯಾಗ ಹನ್ನೊಂದು ಕುರ್ತಾ ಹೊಲಿಸಿದ್ರು;
ನಾಕು ರಾತ್ರಿ ಕಣ್ಣು ಮುಚ್ಚಿದ್ರೂ ನನಗ ಹಳದಿ.

ತಹಶೀಲ ಕಚೇರಿ ಮಲಕಪ್ಪಂದು ಬೂದಿ ಬಣ್ಣ.
ಹದಿನಾರು ವರ್ಷಾತು, ಬೂದಿ, ಇಲ್ಲಾ ಬೂದಿ ಹಂತಾದ್ದು.
ಆದ್ರ ಕಾಲರ್ ಪಟ್ಟಿ ಒಳಗ, ಕುತ್ತಿಗಿ ಮುಟ್ಟೂ ಕಡೆ,
ಸಣ್ಣ ಸಣ್ಣ ಗುಲಾಬಿ ಹೂವಿನ ಅರಿವಿ ಹಚ್ಚಬೇಕು.
ಕೈಪಟ್ಟಿ ಒಳಗೂ. ಗುಂಡಿ ಹಾಕಿದ್ರ ಯಾರಿಗೂ ಕಾಣಂಗಿಲ್ಲ.
ಒಮ್ಮೆ ಬಸ್ ಸ್ಟ್ಯಾಂಡಿನ್ಯಾಗ ಆ ಮನುಷ್ಯಾನ್ನ ಕಂಡೆ,
ಚೀಲ ಎದಿಗೆ ಅವಚಿಕೊಂಡು ದುಧನಿ ಗಾಡಿ ಕಾಯತಿದ್ದ.
ಕಂಡ್ರೂ ಕಾಣದಂಗ ಮಾರಿ ಈ ಕಡೆ ಹೊಳ್ಳಿಸಿದೆ.
ನಾ ನೋಡಬಾರದ್ದು ನೋಡಿದಂಗಾತು.

ಇನ್ನ ನಮ್ಮವರು.
ದಿನಾ ತೊಡೂದು ಒಂದು ಚೌಕಳಿ ಅಂಗಿ,
ತೊಳದು ತೊಳದು ಬಾಳಿ ಎಲಿ ಒಳಗಿನ ಸುಳಿ ಹಂಗ ಮೆತ್ತಗ ಆಗಿದ್ದು.
ಹೊಸಾದು ತಂದ್ರ ಮಡಚಿ ಇಟ್ಟು, ಅದನ್ನೇ ಹುಡುಕತಾರ.
ಛಂದ ಆಗಬೇಕಂದ್ರ ಟ್ರಂಕಿನ್ಯಾಗಿನ ಸಫಾರಿ,
ಕಂದು ಬಣ್ಣದ್ದು, ನಮ್ಮ ಲಗ್ನದ ವರ್ಷದ್ದು.
ಊರಾಗ ಯಾರೂ ಈಗ ಸಫಾರಿ ತೊಡಂಗಿಲ್ಲ ಅಂದೆ.
‘ಅದಕ್ಕ ತೊಡತೀನಿ’ ಅಂದ್ರು.

ವರ್ಷಕ್ಕೊಮ್ಮೆ ಅವರಿಗೆ ತಿಳೀದಂಗ
ಆ ಸಫಾರಿ ಗುಂಡಿ ಬಿಚ್ಚಿ
ಅರ್ಧ ಬೆರಳು ಅಂಚಿನ ಕಡೆ ಸರಿಸಿ ಹಚ್ಚತಿದ್ದೆ.
ಕನ್ನಡಿ ಮುಂದ ನಿಂತು ಹೊಟ್ಟಿ ಬಡಕೊಂಡು ನಗತಿದ್ರು,
‘ನೋಡು, ಇಪ್ಪತ್ತೆಂಟು ವರ್ಷ, ಒಂದ ಇಂಚು ಬೆಳದಿಲ್ಲ.’
ನಾನೂ ಹೌದು ಅನ್ನತಿದ್ದೆ.

ಹ್ವಾದ ಕಾರ್ತಿಕದಾಗ ಸಕ್ಕರಿ ಬ್ಯಾನಿ ಅಂದ್ರು ಡಾಕ್ಟರ್.
ಅಂದಿನಿಂದ ಗುಂಡಿ ಹಿಂದಕ್ಕ ಹೊಂಟಾವ.
ಬಿಟ್ಟು ಹ್ವಾದ ಜಾಗಾದಾಗ ಸೂಜಿ ತೂತು ಹಂಗೇ ಅದಾವ,
ಬೆರಳಾಡಿಸಿದ್ರ ಹತ್ತತಾವ, ಕಣ್ಣಿಗೆ ಬೀಳಂಗಿಲ್ಲ.
ನಿನ್ನೆ ಅವು ನಾ ಮೊದಲು ಹಚ್ಚಿದ ತೂತಿಗೇ ಬಂದ್ವು.
ಇವತ್ತ ಅದನ್ನೂ ದಾಟಬೇಕು.

ಒಳಗಿಂದ ಕೇಳತಾರ, ‘ಏನ ಹೊಲಿಯಾಕತ್ತಿ, ಇಷ್ಟೊತ್ತನ್ಯಾಗ?’
ನಾಳೆ ಅಕ್ಕನ ಮೊಮ್ಮಗನ ಜಾವಳ ಅದ.
ಲಾಡ್ಲೇಸಾಬಂದು ಅರ್ಜಂಟ ಐತ್ರಿ, ಅಂತೀನಿ,
ದಾರ ಹಲ್ಲಿಲೆ ಕಡೀತೀನಿ.