ಮೂರನೆಯ ಹೆಸರು

ಈ ಹಡಗಿಗೆ ಇದು ಮೂರನೆಯ ಹೆಸರು.
ಮೊದಲೆರಡನ್ನೂ ನಾನೇ ಅಳಿಸಿದ್ದು,
ತೂಝ್ಲಾದ ಇದೇ ಕಟ್ಟೆಯಲ್ಲಿ, ತೂಗುಹಲಗೆಯ ಮೇಲೆ ಕೂತು,
ಕಾಲ ಕೆಳಗೆ ಮರ್ಮರಾದ ಎಣ್ಣೆನೀರು.

ಏಜೆಂಟ್ ಚೀಟಿ ಕೊಟ್ಟಿದ್ದ: ‘ಸೆರೀನ್ ಡಾನ್’.
ಬಾವುಟವೂ ಬೇರೆ. ಆ ದೇಶ ಎಲ್ಲಿದೆಯೆಂದು
ಅವನಿಗೂ ಗೊತ್ತಿಲ್ಲ,
ಹಡಗಂತೂ ಒಮ್ಮೆಯೂ ಅತ್ತ ಸುಳಿದಿಲ್ಲ.
“ನಾಡಿದ್ದು ತಪಾಸಣೆ, ಉಸ್ತಾ. ಬೇಗ ಒಣಗುವ ಬಣ್ಣ ಹಾಕು.”

ಒಂದು ದಿನ ಮೊದಲೇ ಬಂದರು ನೆರ್ಮಿನ್ ಹಾನಿಂ,
ಕಂಕುಳಲ್ಲಿ ಕಡತ, ಕಾಲಿಗೆ ಗಂಡಸರ ಬೂಟು.
ಸರಕಿನ ಪಟ್ಟಿ ನೋಡಿದರು, ವಿಮೆ ನೋಡಿದರು.
ಮೊಹರು ಸರಿ, ಸಹಿ ಸರಿ, ಸ್ಪೆಲ್ಲಿಂಗೂ ಸರಿ.
ಎಲ್ಲ ಇಷ್ಟು ಸರಿಯಿರುವುದೇ ಸರಿಯಿಲ್ಲವೆಂಬಂತೆ
ಪೆನ್ನಿನ ತುದಿ ಕಚ್ಚಿದರು.

ಆಮೇಲೆ ನನ್ನ ಹಲಗೆಗೇ ಇಳಿದು ಕೂತರು.
ಕೈಗವಸು ತೆಗೆದು, ಹಸಿ ಬಣ್ಣದ ಪಕ್ಕ
ಬೆರಳಾಡಿಸಿದರು, ಕುರುಡರು ಓದುವ ಹಾಗೆ.
ಬೆಸುಗೆಯ ಅಕ್ಷರ ಗ್ರೈಂಡರ್ ಹಿಡಿದು ಉಜ್ಜಿದರೂ ಪೂರ್ತಿ ಹೋಗದು:
ಒಂದು ಬಾಗು, ಒಂದು ಕೊಕ್ಕೆ,
ಚರ್ಮದಡಿಯ ಹಳೆ ಹೊಲಿಗೆ.
“ಇಲ್ಲೊಂದು ‘ಕೆ’ ಇದೆಯಲ್ಲ, ರಿಫತ್ ಉಸ್ತಾ?”

ನಾನು ಕುಂಚ ಹಿಂಡಿದೆ.

ರಾಜ್‌ಗ್ರಾದ್, ಎಂಬತ್ತೈದರ ಚಳಿಗಾಲ.
ಸಾಲಾಗಿ ನಿಲ್ಲಿಸಿ ಪಟ್ಟಿ ಚಾಚಿದರು: ಇದರಲ್ಲೊಂದು ಆರಿಸಿಕೊ.
ರಿಫತ್ ರುಮೆನ್ ಆದ.
ಸತ್ತು ಮಲಗಿದ್ದ ನನ್ನಪ್ಪನ ಹೆಸರನ್ನೂ ಬಿಡಲಿಲ್ಲ.
ಎಂಬತ್ತೊಂಬತ್ತರಲ್ಲಿ ಮೂಟೆ ಹೊತ್ತು ಗಡಿ ದಾಟಿದರೆ
ಈ ಕಡೆಯ ಗುಮಾಸ್ತ ಆಕಳಿಸುತ್ತ ರೆಫೆತ್ ಎಂದು ಬರೆದ.
ಈಗ ಪಿಂಚಣಿ ಕಚೇರಿ ಕೇಳುತ್ತದೆ:
ಈ ಮೂವರಲ್ಲಿ ದುಡಿದವನು ಯಾರು?

ಹಡಗಿಗಾದರೂ ಏಳಂಕಿಯ ಸಂಖ್ಯೆಯೊಂದಿದೆ,
ಹುಟ್ಟಿನಿಂದ ಗುಜರಿಯವರೆಗೆ ಅದೇ.
ಹಾನಿಂ ಅದನ್ನು ಫೋನಿಗೆ ಓದಿ ಹೇಳಿದರು,
ಒಂದೊಂದೇ ಅಂಕಿ, ಮಗುವಿಗೆ ತುತ್ತಿಟ್ಟಂತೆ.
ಆ ಕಡೆಯ ದನಿ ನನಗೂ ಕೇಳಿಸಿತು:
ನಿರ್ಬಂಧಿತ ಪಟ್ಟಿ, ಎರಡನೆಯ ಪುಟ.

ಮಧ್ಯಾಹ್ನ ತಡೆಯಾಜ್ಞೆ ಅಂಟಿಸಿದರು.
ಏಜೆಂಟನ ಫೋನ್ ಸತ್ತಿತ್ತು.
ಅಡುಗೆಯ ಹುಡುಗ, ಫಿಲಿಪೀನ್ಸಿನ ಅರ್ನೆಲ್,
ಕಟಕಟೆಯಿಂದ ಬಾಗಿ ಕೇಳಿದ:
“ಐದು ತಿಂಗಳ ಸಂಬಳ, ಬಾಸ್. ಯಾವ ಹೆಸರಿನವರನ್ನು ಕೇಳಲಿ?”

ನಾನು ಬರೆದದ್ದು ‘ಸೆರೀನ್ ಡಾ’ವರೆಗೆ.
ಉಳಿದೊಂದು ಅಕ್ಷರಕ್ಕೆ ಕೂಲಿ ಕೊಡುವವರಿಲ್ಲ.
ಡಬ್ಬಿಯಲ್ಲಿ ಬಿಳಿ ಬಣ್ಣ ಆಗಲೇ ಕೆನೆಗಟ್ಟುತ್ತಿತ್ತು.
ಮುಚ್ಚಳ ಬಡಿದು ಕೂರಿಸಿದೆ.